ಅಗೆತದ ನುಡಿ, ಆಳಿನ ಜೀವ: ನೆಲ ತೋಡುವ ಕಸುಬಿನ ಪದಸಂಪತ್ತು ಮತ್ತು ಸುರಕ್ಷತೆಯ ಚರಿತ್ರೆ

ಕಸುಬಿನ ಮಾತುಗಳನ್ನು ಸಂಗ್ರಹಿಸುವುದು ಕನ್ನಡ ಜಾನಪದ ಅಧ್ಯಯನದ ಫಲವತ್ತಾದ ಶಾಖೆಗಳಲ್ಲೊಂದು. ಬೇಸಾಯ, ನೇಯ್ಗೆ, ಕುಂಬಾರಿಕೆ, ಕಮ್ಮಾರಿಕೆ, ಮೀನುಗಾರಿಕೆ ಮುಂತಾದ ವೃತ್ತಿಗಳ ಪದಸಂಪತ್ತು ವಿದ್ವಾಂಸರ ಗಮನವನ್ನು ಸಾಕಷ್ಟು ಸೆಳೆದಿದೆ. ಇವುಗಳ ಪಕ್ಕದಲ್ಲಿಟ್ಟು ನೋಡಿದಾಗ ನೆಲ ಅಗೆಯುವ ಕಸುಬಿನ ನುಡಿಗೆ ದೊರೆತ ಗಮನ ಅಲ್ಪವೆಂದೇ ಹೇಳಬೇಕು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮಡಕೆ ಉಳಿಯುತ್ತದೆ, ಸೀರೆ ಉಳಿಯುತ್ತದೆ. ಪಾಯಕ್ಕೆಂದು ತೋಡಿದ ಗುಂಡಿ ಕಟ್ಟಡ ಮೇಲೇಳುತ್ತಿದ್ದಂತೆ ಮುಚ್ಚಿಹೋಗುತ್ತದೆ. ಅಗೆತವನ್ನು ಒಂದು ಕೌಶಲವೆಂದು ಪರಿಗಣಿಸುವ ರೂಢಿಯೂ ಸಮಾಜದಲ್ಲಿಲ್ಲ. ಮೈಬಲವಿದ್ದರೆ ಸಾಕು, ಗುದ್ದಲಿ ಹಿಡಿಯಬಹುದೆಂಬ ಭಾವನೆ ಬಲವಾಗಿದೆ. ಆದರೆ ಯಾವ ಮಣ್ಣು ನಿಲ್ಲುತ್ತದೆ, ಯಾವುದು ಜರಿಯುತ್ತದೆ, ಎಷ್ಟು ಆಳದವರೆಗೆ ಆಧಾರವಿಲ್ಲದೆ ಇಳಿಯಬಹುದು, ಮುಚ್ಚಿದ ಗುಂಡಿಯೊಳಗೆ ಉಸಿರಾಡಬಹುದೇ ಎಂಬ ಪ್ರಶ್ನೆಗಳಿಗೆ ಶತಮಾನಗಳಿಂದ ಉತ್ತರ ಹುಡುಕಿಕೊಂಡವರು ಅಗೆಯುವವರೇ. ಆ ಉತ್ತರಗಳು ಗ್ರಂಥಗಳಲ್ಲಿ ಸೇರದೆ ಪದಗಳಲ್ಲಿ ನೆಲೆಸಿವೆ. ಇನ್ನೊಂದೆಡೆ, ಅಗೆತದಲ್ಲಿ ಸಂಭವಿಸಿದ ಕುಸಿತ ಮತ್ತು ಸಾವುಗಳನ್ನು ನಾಡಿನ ಕಥನಪರಂಪರೆ ಬಲಿಯೆಂದು ದಾಖಲಿಸಿಕೊಂಡಿದೆ. ಒಂದೇ ನೆಲದ ಬಗ್ಗೆ ಕಸುಬಿನ ನುಡಿ ಹೇಳುವುದು ಒಂದು, ಕಥೆ ಹೇಳುವುದು ಇನ್ನೊಂದು. ಈ ಎರಡನ್ನು ಎದುರುಬದುರಾಗಿಟ್ಟು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಪರಿಶೀಲನೆಗೆ ಬೆಂಗಳೂರಿನ ಪಶ್ಚಿಮ ಭಾಗದ ಒಂದು ಸಾಧಾರಣ ಬಡಾವಣೆ ಅನುಕೂಲವಾದ ನೆಲೆ. ವಿಜಯನಗರಕ್ಕೆ ಸೇರಿದ ಆರ್‌ಪಿಸಿ ಲೇಔಟ್‌ಗೆ ಹಂಪಿನಗರವೆಂಬ ಹೆಸರೂ ಉಂಟು. ಕೆರೆ ಕಾಲುವೆಗಳನ್ನು ತೋಡಿಸಿ ಹೆಸರಾದ ಸಾಮ್ರಾಜ್ಯದ ಹೆಸರನ್ನೂ ಅದರ ರಾಜಧಾನಿಯ ಹೆಸರನ್ನೂ ಹೊತ್ತ ಈ ಪ್ರದೇಶದಲ್ಲಿ ಅಗೆತವೆಂಬುದು ನಿಂತ ದಿನವಿಲ್ಲ. ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ಕೇಬಲ್, ಅಡುಗೆ ಅನಿಲದ ಪೈಪು ಎಂದು ರಸ್ತೆಗಳು ಸರದಿಯಂತೆ ಬಾಯಿ ತೆರೆಯುತ್ತವೆ. ಹಳೆಯ ಮನೆಗಳನ್ನು ಕೆಡವಿ ಹಲವು ಅಂತಸ್ತು ಏರಿಸುವಾಗ ವಾಹನ ನಿಲ್ಲಿಸಲು ನೆಲಮಟ್ಟದಿಂದ ಕೆಳಕ್ಕೆ ತೋಡಲಾಗುತ್ತದೆ. ಮೂವತ್ತು ನಲವತ್ತರ ನಿವೇಶನದ ಅಂಚಿನಲ್ಲಿಯೇ ನೆರೆಮನೆಯ ಗೋಡೆ ನಿಂತಿರುತ್ತದೆ. ಅಗೆದ ಮಣ್ಣನ್ನು ಹಾಕಲು ರಸ್ತೆಯ ಹೊರತು ಜಾಗವಿರುವುದಿಲ್ಲ. ಇಂಥ ಗುಂಡಿಯೊಳಗೆ ನಿಂತವನ ಕಿವಿಗೆ ಬೀಳುವ ಭಾಷೆ ಮೂರು ಬಗೆಯದು. ಫಲಕದ ಮೇಲಿನದು ಇಂಗ್ಲಿಷ್, ಯಂತ್ರದ ಮೇಲೆ ಕುಳಿತವನದು ಹಿಂದಿ ಬೆರೆತ ಯಂತ್ರಭಾಷೆ, ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಬಂದ ಆಳಿನದು ಕನ್ನಡ. ಎಚ್ಚರಿಕೆಯ ಮಾತು ಈ ಮೂರರಲ್ಲಿ ಯಾವುದರಲ್ಲಿ ಹೊರಡುತ್ತದೆ ಎಂಬುದು ಬರಿಯ ಭಾಷಾಶಾಸ್ತ್ರದ ಪ್ರಶ್ನೆಯಲ್ಲ.

ಅಗೆಯುವುದಕ್ಕೆ ಕನ್ನಡದಲ್ಲಿ ಒಂದೇ ಕ್ರಿಯಾಪದವಿಲ್ಲ. ಹಳಗನ್ನಡದ ‘ಅಗೞ್’ ಧಾತು ಕೋಟೆಯ ಸುತ್ತಲಿನ ‘ಅಗಳು’ ಎಂಬ ನಾಮಪದವಾಗಿ ಉಳಿದುಕೊಂಡಿದೆ. ತಮಿಳಿನಲ್ಲಿಯೂ ಇದರ ಜ್ಞಾತಿಪದವಿದೆ. ಅಗೆ ಎಂದರೆ ಮೇಲ್ಮಣ್ಣನ್ನು ಕಡಿದು ತಿರುವುವುದು. ತೋಡು ಎಂದರೆ ಕೆಳಕ್ಕೆ ಇಳಿಯುತ್ತ ಮಣ್ಣನ್ನು ಹೊರಹಾಕುವುದು. ಕೊರೆ ಎಂಬುದು ಅಡ್ಡಲಾಗಿ ಅಥವಾ ಸಣ್ಣ ಬಾಯಿಯಲ್ಲಿ ಒಳಹೊಗುವ ಕೆಲಸ. ಕೆತ್ತು ಎಂಬುದು ಗಟ್ಟಿ ಪದರದ ಮೇಲಿನ ಕೆಲಸ. ಬಗೆ ಎಂಬುದರಲ್ಲಿ ಸೀಳಿ ತೆರೆಯುವ ಭಾವವಿದೆ. ಗುಂಡಿ, ಕುಳಿ, ಹೊಂಡ, ಹಳ್ಳ, ಕಂದಕ, ಹಗೇವು, ಬಾವಿ, ಸುರಂಗ ಎಂಬ ನಾಮಪದಗಳಲ್ಲಿಯೂ ಆಕಾರದ ಭೇದ ಸ್ಪಷ್ಟವಾಗಿದೆ. ಆಧುನಿಕ ಆಡಳಿತ ಕನ್ನಡ ಈ ಎಲ್ಲವನ್ನೂ ‘ಉತ್ಖನನ’ ಎಂಬ ಒಂದು ಸಂಸ್ಕೃತ ಪದದಡಿ ತಂದಿತು. ಆ ಪದ ಪುರಾತತ್ತ್ವಜ್ಞರಿಗೆ ಒಪ್ಪುತ್ತದೆ. ಚರಂಡಿ ತೋಡುವವನ ಬಾಯಲ್ಲಿ ಅದು ನಿಲ್ಲುವುದಿಲ್ಲ.

ಇಲ್ಲಿ ‘ಆಳ’ ಮತ್ತು ‘ಆಳು’ ಎಂಬ ಎರಡು ಪದಗಳನ್ನು ವಿಶೇಷವಾಗಿ ಗಮನಿಸಬೇಕು. ಮುಳುಗು, ಕೆಳಕ್ಕಿಳಿ ಎಂಬರ್ಥದ ಧಾತು ಹಳಗನ್ನಡದಲ್ಲಿ ‘ಆೞ್’. ಸೇವಕ, ಕೂಲಿಯವ ಎಂಬರ್ಥದ್ದು ‘ಆಳ್’. ಇವು ಬೇರೆ ಬೇರೆ ಮೂಲದವು. ೞಕಾರ ಬಳಕೆಯಿಂದ ಮರೆಯಾದ ಮೇಲೆ ಎರಡೂ ಒಂದೇ ಉಚ್ಚಾರಣೆಗೆ ಬಂದವು. ಕಾಕತಾಳೀಯವೆಂಬಂತೆ, ಕೆರೆ ಬಾವಿಗಳ ಆಳವನ್ನು ಅಳೆಯುವ ಜನಪದ ಮಾನವೂ ಆಳೇ ಆಗಿದೆ: ಒಂದಾಳು, ಎರಡಾಳು ಆಳ. ಮೊಳ, ಗೇಣು, ಮಾರುಗಳಂತೆ ಇದೂ ದೇಹದಿಂದ ಹುಟ್ಟಿದ ಅಳತೆ. ಆದರೆ ಮೊಳ ಗೇಣುಗಳಿಗಿಲ್ಲದ ಒಂದು ಅರ್ಥ ಇದಕ್ಕುಂಟು. ಒಂದಾಳು ಎಂದರೆ ನಿಂತವನ ತಲೆ ನೆಲದ ಮಟ್ಟಕ್ಕೆ ಬರುವ ಆಳ. ಅದಕ್ಕಿಂತ ಕೆಳಗಿಳಿದವನಿಗೆ ಮೇಲಿನ ಅಂಚಿನಲ್ಲಿ ಏನಾಗುತ್ತಿದೆಯೆಂದು ಕಾಣದು; ಮೇಲಿನವರ ನೆರವಿಲ್ಲದೆ ಹೊರಬರುವುದೂ ಸುಲಭವಲ್ಲ. ಮುಂದೆ ಚರ್ಚಿಸುವಂತೆ ಇಂಜಿನಿಯರಿಂಗ್ ನಿಯಮಗಳು ಅಪಾಯದ ಗೆರೆ ಎಳೆಯುವುದೂ ಹೆಚ್ಚುಕಡಿಮೆ ಇದೇ ಎತ್ತರದಲ್ಲಿ.

ಮಣ್ಣಿನ ಹೆಸರುಗಳಲ್ಲಿ ಈ ತಿಳಿವಳಿಕೆ ಇನ್ನೂ ಸೂಕ್ಷ್ಮವಾಗಿದೆ. ಬೇಸಾಯಗಾರನಿಗೆ ಎರೆ, ಕೆಮ್ಮಣ್ಣು, ಸವಳು, ಮರಳು ಎಂಬ ಭೇದಗಳು ಬೆಳೆಯ ಲೆಕ್ಕಕ್ಕೆ. ತೋಡುವವನಿಗೆ ಅವೇ ಪದಗಳು ನಿಲುವಿನ ಲೆಕ್ಕಕ್ಕೆ. ಎರೆ ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುತ್ತದೆ. ಬಿರುಕಿನ ಗುಂಟ ಹೆಂಟೆಹೆಂಟೆಯಾಗಿ ಕಳಚಿ ಬೀಳುವ ಗುಣ ಅದರದು. ಮರಳು ಗೋಡೆಯಾಗಿ ನಿಲ್ಲುವುದೇ ಇಲ್ಲ. ಜೇಡಿ ತೋಡಿದ ದಿನ ಗೋಡೆಯಂತೆ ನಿಂತು ಕಣ್ಣನ್ನು ಮೋಸಗೊಳಿಸಿ, ನೀರು ತಗುಲಿದ ಮೇಲೆ ಜಾರುತ್ತದೆ. ಕರಾವಳಿಯ ಜಂಬಿಟ್ಟಿಗೆ ಕಡಿಯುವಾಗ ಮೃದುವಾಗಿದ್ದು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಬೆಂಗಳೂರಿನ ನೆಲ ಬಹುಮಟ್ಟಿಗೆ ಪ್ರಾಚೀನ ನೈಸ್ ಶಿಲೆಯದು. ಲಾಲ್‌ಬಾಗಿನ ಬಂಡೆ ಅದರ ಪ್ರಸಿದ್ಧ ನಿದರ್ಶನ. ಆ ಶಿಲೆಯ ಮೇಲೆ ಕೆಮ್ಮಣ್ಣು, ಅದರ ಕೆಳಗೆ ಗರಸು, ಇನ್ನೂ ಕೆಳಗೆ ಕೊಳೆತ ಕಲ್ಲಿನ ಸುದ್ದೆ, ಕೊನೆಗೆ ಬಂಡೆ ಎಂಬ ಕ್ರಮ ಸಾಮಾನ್ಯ. ಈ ಎಲ್ಲಕ್ಕಿಂತ ಅಪಾಯಕರವಾದುದು ನಗರವೇ ಸೃಷ್ಟಿಸಿದ ‘ಭರ್ತಿ ಮಣ್ಣು’. ಕೆರೆಯಂಗಳ, ಹಳ್ಳ, ಹಳೆಯ ಗುಂಡಿಗಳಿಗೆ ಕಟ್ಟಡದ ಕಸ ತುಂಬಿ ಮಟ್ಟ ಮಾಡಿದ ನೆಲಕ್ಕೆ ಪದರವಿಲ್ಲ, ಬಂಧವಿಲ್ಲ. ಧರ್ಮಾಂಬುಧಿ ಕೆರೆ ಕೆಂಪೇಗೌಡ ಬಸ್ ನಿಲ್ದಾಣವಾದ, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾದ ನಗರದಲ್ಲಿ ಈ ಪದಕ್ಕಿರುವ ಮಹತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕುಸಿತಕ್ಕೂ ಬಗೆಗಳಿವೆ. ಜರಿಯುವುದೆಂದರೆ ಅಂಚು ಸಡಿಲಗೊಂಡು ಸ್ವಲ್ಪಸ್ವಲ್ಪವಾಗಿ ಜಾರುವುದು. ಅದರಲ್ಲಿ ಮುನ್ಸೂಚನೆ ಇದೆ. ಕಳಚುವುದೆಂದರೆ ಹಲ್ಲೆಯಾಗಿ ಒಮ್ಮೆಗೇ ಬಿಟ್ಟುಬೀಳುವುದು. ಕುಸಿಯುವುದು ಮೇಲಿನ ಭಾರಕ್ಕೆ ತಳ ಸೋಲುವುದು. ಒರತೆ ಎಂಬ ಪದ ಬಾವಿ ತೋಡುವವನಿಗೆ ಹರ್ಷದ ಸುದ್ದಿಯಾದರೆ ಪಾಯ ತೋಡುವವನಿಗೆ ಎಚ್ಚರಿಕೆಯ ಸುದ್ದಿ. ಪತ್ರಿಕೆಗಳ ವರದಿಯಲ್ಲಿ ಈ ಎಲ್ಲವೂ ‘ಮಣ್ಣು ಕುಸಿದು ಕಾರ್ಮಿಕ ಸಾವು’ ಎಂಬ ಒಂದೇ ಸೂತ್ರಕ್ಕೆ ಇಳಿದಿವೆ. ಹೇಗೆ ಬಿದ್ದಿತೆಂಬುದು ಆ ಸೂತ್ರದಲ್ಲಿ ಇಲ್ಲವಾದ್ದರಿಂದ ಏಕೆ ಬಿದ್ದಿತೆಂಬುದೂ ಇರುವುದಿಲ್ಲ.

ಉಪಕರಣಗಳ ಹೆಸರುಗಳು ಬೇರೊಂದು ಚರಿತ್ರೆಯನ್ನು ಹೇಳುತ್ತವೆ. ಹಾರೆ, ಸಲಿಕೆ, ಮಕ್ಕರಿ, ಉಳಿ, ಬೆಣೆ, ಸನ್ನೆಗೋಲು ಮೊದಲಾದವು ಕನ್ನಡದಲ್ಲಿ ಹಳೆಯವು. ಪಿಕಾಸಿ ಇಂಗ್ಲಿಷಿನ ಪಿಕ್‌ಆಕ್ಸ್‌ನಿಂದ ಬಂದುದು, ಬುನಾದಿ ಪಾರಸಿಯದು, ಕೆಲಸ ಮಾಡಿಸುವ ಮೇಸ್ತ್ರಿ ಪೋರ್ಚುಗೀಸರ ‘ಮೆಸ್ತ್ರೆ’ಯಿಂದ ಬಂದವನು. ಈಚಿನ ಸೇರ್ಪಡೆ ಜೆಸಿಬಿ. ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಎಂಬ ಇಂಗ್ಲೆಂಡಿನ ಉದ್ಯಮಿಯ ಹೆಸರಿನ ಮೂರು ಮೊದಲಕ್ಷರಗಳು ಕನ್ನಡದ ಸಾಮಾನ್ಯ ನಾಮವಾಗಿ, ‘ಜೆಸಿಬಿ ಬಿಡಿಸು’ ಎಂಬಂತಹ ನುಡಿಗಟ್ಟುಗಳಿಗೂ ದಾರಿಮಾಡಿವೆ. ಸರಪಳಿ ಚಕ್ರದ ದೊಡ್ಡ ಯಂತ್ರಕ್ಕೆ ‘ಹಿಟಾಚಿ’ ಎನ್ನುವುದು ರೂಢಿ. ವಿಚಿತ್ರವೆಂದರೆ ಯಂತ್ರ ಎಷ್ಟೇ ದೊಡ್ಡದಾದರೂ ಸರ್ಕಾರಿ ಕಾಮಗಾರಿಯ ಆರಂಭಕ್ಕೆ ಇಂದಿಗೂ ನಡೆಯುವುದು ‘ಗುದ್ದಲಿ ಪೂಜೆ’ಯೇ.

ಈ ಪದಗಳ ಹಿಂದೆ ಇದ್ದವರಲ್ಲಿ ಒಡ್ಡರು ಅಥವಾ ಭೋವಿಗಳು ಮುಖ್ಯರು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಇವರ ಕಲ್ಲು ಒಡ್ಡ, ಮಣ್ಣು ಒಡ್ಡ ಎಂಬ ವಿಭಾಗಗಳು ದಾಖಲಾಗಿವೆ. ಒಡ್ರ ದೇಶದಿಂದ, ಎಂದರೆ ಇಂದಿನ ಒಡಿಶಾದಿಂದ ಬಂದವರಾದ್ದರಿಂದ ಈ ಹೆಸರೆಂಬುದು ಪ್ರಚಲಿತ ವ್ಯುತ್ಪತ್ತಿ. ಆದರೆ ಕನ್ನಡದಲ್ಲಿ ‘ಒಡ್ಡು’ ಎಂದರೆ ನೀರಿಗೆ ಅಡ್ಡಲಾಗಿ ಹಾಕಿದ ಮಣ್ಣಿನ ಕಟ್ಟೆ. ಕಸುಬೇ ಹೆಸರಾಗಿರುವ ಸಾಧ್ಯತೆಯನ್ನು ಬದಿಗಿಡುವುದು ವಿವೇಕವಲ್ಲ. ಇದೇ ಪದ ಮುಂದೆ ಒರಟುತನಕ್ಕೆ ವಿಶೇಷಣವಾಗಿಯೂ ಬಳಕೆಗೆ ಬಂದದ್ದು ವಿಷಾದನೀಯ. ಹನ್ನೆರಡನೆಯ ಶತಮಾನದ ಸೊನ್ನಲಿಗೆಯ ಸಿದ್ಧರಾಮ ಕೆರೆ ತೋಡಿಸುತ್ತಿದ್ದಾಗ ಅಲ್ಲಮಪ್ರಭು ಅಲ್ಲಿಗೆ ಬಂದು ಅವನನ್ನು ‘ಒಡ್ಡರಾಮ’ನೆಂದು ಕರೆದುದರಿಂದ ಕೆಲಸಗಾರರು ಕೆರಳಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಪ್ರಸಿದ್ಧ. ಆ ಪ್ರಸಂಗದ ತಾತ್ತ್ವಿಕ ಅರ್ಥವನ್ನು ವಿದ್ವಾಂಸರು ವಿಸ್ತಾರವಾಗಿ ಚರ್ಚಿಸಿದ್ದಾರೆ. ಕಸುಬಿನ ಹೆಸರೇ ನಿಂದೆಯಾಗಿ ಕೇಳಿಸುವ ಸ್ಥಿತಿ ಆ ಕಥನದ ಕಾಲಕ್ಕಾಗಲೇ ಇದ್ದಿತೆಂಬುದಕ್ಕೂ ಅದು ಸಾಕ್ಷ್ಯ. ಭೋವಿ ಸಮುದಾಯ ಸಿದ್ಧರಾಮನನ್ನೇ ತನ್ನ ಗುರುವೆಂದು ಸ್ವೀಕರಿಸಿರುವುದು ಆ ನಿಂದೆಗೆ ಕೊಟ್ಟ ಉತ್ತರವೆನ್ನಬಹುದು.

ಅಗೆತದ ಶಾಸ್ತ್ರೀಯ ತಿಳಿವಳಿಕೆಗೆ ಶಾಸನಾಧಾರವೂ ಇದೆ. ಇಂದು ಆಂಧ್ರಪ್ರದೇಶದ ಕಡಪ ಸೀಮೆಗೆ ಸೇರಿದ ಪೋರುಮಾಮಿಳ್ಳದ 1369ರ ಸಂಸ್ಕೃತ ಶಾಸನ ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಕೆರೆಯನ್ನು ಕುರಿತದ್ದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಅದು ಹೇಳುತ್ತದೆ. ಕಟ್ಟೆಯಿಂದ ನೀರು ಜಿನುಗುವುದು, ಸವಳು ನೆಲ, ಎರಡು ರಾಜ್ಯಗಳ ಗಡಿ, ನಡುವೆ ಉಬ್ಬಿದ ನೆಲ ಇವು ದೋಷಗಳಲ್ಲಿ ಸೇರಿವೆ. ಹನ್ನೆರಡು ಅಂಗಗಳ ಪೈಕಿ ಕೆರೆ ಕಟ್ಟುವ ಕಲೆಯಲ್ಲಿ ನುರಿತ ಜನರ ಗುಂಪೂ ಒಂದೆಂದು ಶಾಸನ ಎಣಿಸಿರುವುದು ಮೆಚ್ಚತಕ್ಕ ಸಂಗತಿ. ಸಾವಿರ ಆಳು, ನೂರು ಬಂಡಿ, ಎರಡು ವರ್ಷ ಎಂಬ ಲೆಕ್ಕವನ್ನೂ ಅದು ಕೊಡುತ್ತದೆ. ಆ ಸಾವಿರದಲ್ಲಿ ಎಷ್ಟು ಮಂದಿ ಊರಿಗೆ ಮರಳಿದರೆಂಬುದು ಶಾಸನದ ವಸ್ತುವಲ್ಲ. ಯಾವ ಶಾಸನದ ವಸ್ತುವೂ ಅದಾಗಿರಲಿಲ್ಲ.

ಇದಾಗಿ ಸುಮಾರು ನೂರೈವತ್ತು ವರ್ಷಗಳ ನಂತರದ ವಿಜಯನಗರಕ್ಕೆ ಬಂದರೆ ಚಿತ್ರ ಬೇರೆ. 1520ರ ಸುಮಾರಿಗೆ ಅಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನು ಕಟ್ಟಿಸುತ್ತಿದ್ದ ಕೆರೆಯ ಕೆಲಸವನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ನೆಲವೇ ಕಾಣದಷ್ಟು ಮುತ್ತಿದ್ದರೆಂಬುದು ಅವನ ಮಾತಿನ ಸಾರ. ಕಟ್ಟೆ ಎರಡು ಮೂರು ಬಾರಿ ಒಡೆದುಹೋಯಿತು. ಕಾರಣ ಕೇಳಿದಾಗ ದೇವರಿಗೆ ರಕ್ತ ಬೇಕಾಗಿದೆಯೆಂದು ಬ್ರಾಹ್ಮಣರು ಹೇಳಿದರೆಂದೂ, ಅರುವತ್ತು ಮನುಷ್ಯರನ್ನು, ಕೆಲವು ಕುದುರೆ ಕೋಣಗಳನ್ನು ಬಲಿಕೊಡಲಾಯಿತೆಂದೂ ಪಾಯೆಸ್ ಹೇಳುತ್ತಾನೆ. ನೂನಿಜನ ವೃತ್ತಾಂತದಲ್ಲಿಯೂ ಮರಣದಂಡನೆಗೆ ಅರ್ಹರಾದ ಸೆರೆಯಾಳುಗಳ ಶಿರಚ್ಛೇದದ ಮಾತಿದೆ. ಅದೇ ವೃತ್ತಾಂತ ಜೊವಾವೊ ದೆ ಲಾ ಪೊಂತೆ ಎಂಬ ಪೋರ್ಚುಗೀಸ್ ಕಲ್ಲುಕೆಲಸದವನ ನೆರವನ್ನೂ ಹೇಳುತ್ತದೆ. ವಿದೇಶೀಯರ ಬರಹವೆಂದು ಇದನ್ನು ಅನುಮಾನದಿಂದ ನೋಡುವವರಿದ್ದಾರೆ, ಅನುಮಾನಕ್ಕೆ ಅವಕಾಶವೂ ಇದೆ. ಆದರೆ ಕಟ್ಟೆ ಒಡೆದುದಕ್ಕೆ ಮಣ್ಣಿನಲ್ಲಿ ಕಾರಣ ಹುಡುಕುವ ಕೆಲಸ ಮತ್ತು ದೈವದಲ್ಲಿ ಕಾರಣ ಹುಡುಕುವ ಕೆಲಸ ಒಂದೇ ಸ್ಥಳದಲ್ಲಿ ಜೊತೆಯಾಗಿ ನಡೆದವೆಂಬ ಚಿತ್ರ ನಂಬಲು ಕಷ್ಟವಾದುದಲ್ಲ. ಜಿನುಗುವ ಕಟ್ಟೆಯನ್ನು ದೋಷವೆಂದು ಶಾಸನ ಹೆಸರಿಸಿತ್ತು. ಒಡೆದ ಕಟ್ಟೆಗೆ ಕಥನ ಬಲಿಯನ್ನು ಒದಗಿಸಿತು.

‘ಕೆರೆಗೆ ಹಾರ’ ಎಂಬ ಕಥನಗೀತೆಯ ವಸ್ತು ಇಲ್ಲಿಂದ ದೂರವಿಲ್ಲ. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ. ಕಿರಿಯ ಸೊಸೆ ಭಾಗೀರಥಿಯನ್ನು ಹಾರವಾಗಿ ಕೊಡಬೇಕೆಂದು ಹೊತ್ತಿಗೆ ನೋಡಿ ಹೇಳಲಾಯಿತು. ದಂಡಿನಿಂದ ಮರಳಿದ ಗಂಡ ಮಾದೇವರಾಯನೂ ಅದೇ ಕೆರೆಗೆ ಹಾರಿದ. ಗೀತೆಯ ಕಾವ್ಯಗುಣ, ಅದರೊಳಗಿನ ಹೆಣ್ಣಿನ ಅಸಹಾಯಕತೆ, ಕುಟುಂಬದ ಕ್ರೌರ್ಯಗಳನ್ನು ಕುರಿತು ಬೇಕಾದಷ್ಟು ವಿಮರ್ಶೆ ನಡೆದಿದೆ. ಬೆಂಗಳೂರಿಗೆ ತನ್ನದೇ ಭಾಗೀರಥಿಯಿದ್ದಾಳೆ. ಕೆಂಪೇಗೌಡನ ಕೋಟೆಯ ದಕ್ಷಿಣದ ಬಾಗಿಲು ಕಟ್ಟಿದಷ್ಟೂ ಬೀಳುತ್ತಿದ್ದಾಗ ಗರ್ಭಿಣಿಯಾಗಿದ್ದ ಸೊಸೆ ಲಕ್ಷ್ಮೀದೇವಿ ತನ್ನನ್ನೇ ಬಲಿಕೊಟ್ಟುಕೊಂಡಳೆಂಬ ಐತಿಹ್ಯ ಪ್ರಸಿದ್ಧ. ಕೋರಮಂಗಲದಲ್ಲಿ ಅವಳ ಸಮಾಧಿ ಮತ್ತು ಗುಡಿಯಿವೆ. ಗ್ರೀಸಿನ ಆರ್ತಾ ಸೇತುವೆ, ರುಮೇನಿಯದ ಮೇಸ್ತ್ರಿ ಮನೋಲೆ, ಬಾಲ್ಕನ್ ಪ್ರದೇಶದ ಸ್ಕಾದರ್ ಕೋಟೆಗಳ ಗೀತೆಗಳಲ್ಲಿಯೂ ಹಗಲು ಕಟ್ಟಿದ್ದು ಇರುಳು ಬೀಳುತ್ತದೆ, ಹೆಣ್ಣೊಬ್ಬಳನ್ನು ಗೋಡೆಯೊಳಗಿಟ್ಟ ಮೇಲೆ ನಿಲ್ಲುತ್ತದೆ. ಅಮೆರಿಕದ ಜಾನಪದ ವಿದ್ವಾಂಸ ಆಲನ್ ಡಂಡೆಸ್ 1996ರಲ್ಲಿ ಸಂಪಾದಿಸಿದ ಸಂಕಲನ ಈ ವಸ್ತುವನ್ನು ಬಾಲ್ಕನ್ನಿನ ಸ್ವತ್ತೆಂದು ಭಾವಿಸುವುದು ಸರಿಯಲ್ಲವೆಂದು ಭಾರತೀಯ ಪಾಠಗಳನ್ನು ಮುಂದಿಟ್ಟು ತೋರಿಸಿತು.

ಈ ಕಥೆಗಳನ್ನು ಕಾಮಗಾರಿಯ ದೃಷ್ಟಿಯಿಂದ ಓದಿದಾಗ ಎರಡು ಸಂಗತಿಗಳು ಹೊರಬೀಳುತ್ತವೆ. ಮೊದಲನೆಯದು, ಪ್ರತಿ ಕಥೆಯ ಆರಂಭದಲ್ಲಿಯೂ ಒಂದು ತಾಂತ್ರಿಕ ವೈಫಲ್ಯವಿದೆ: ಸೆಲೆ ಸಿಗದ ಕೆರೆ, ನಿಲ್ಲದ ಬಾಗಿಲು, ಬೀಳುವ ಕಮಾನು. ಕಥೆ ಅದನ್ನು ಮರೆಮಾಚುವುದಿಲ್ಲ. ಎರಡನೆಯದು ಇನ್ನೂ ಮುಖ್ಯ. ಸಾಯುವವರು ಯಾರೆಂಬುದನ್ನು ಕಥೆ ಬದಲಾಯಿಸುತ್ತದೆ. ಬೀಳುವ ಗೋಡೆ ಮೊದಲು ಕೊಲ್ಲುವುದು ಅದರ ಬುಡದಲ್ಲಿ ನಿಂತ ಆಳನ್ನು. ಕಥೆಯಲ್ಲಿ ಮಾತ್ರ ಸಾವು ಗೌಡನ ಅಥವಾ ಪಾಳೆಯಗಾರನ ಮನೆಯ ಸೊಸೆಗೆ ಸಲ್ಲುತ್ತದೆ. ಇದರಿಂದ ಕೆರೆಗೂ ಕೋಟೆಗೂ ಪಾವಿತ್ರ್ಯ ಬರುತ್ತದೆ. ಆಳುಗಳ ಸಾವು ಹೇಳಲು ತಕ್ಕ ಸಂಗತಿಯೇ ಅಲ್ಲವಾಗುತ್ತದೆ. ಹೆಣ್ಣಿನ ಬಲಿಯನ್ನು ಕಥೆ ವೈಭವೀಕರಿಸಿತೆಂಬ ಸ್ತ್ರೀವಾದಿ ಆಕ್ಷೇಪ ನ್ಯಾಯವಾದುದು. ಅದರ ಜೊತೆಗೆ, ಮಕ್ಕರಿ ಹೊತ್ತ ಒಡ್ಡರ ಹೆಣ್ಣುಮಗಳಿಗೆ ಆ ವೈಭವವೂ ದೊರೆಯಲಿಲ್ಲವೆಂಬುದನ್ನೂ ಸೇರಿಸಬೇಕು. ಇಂದು ಕಟ್ಟಡದ ಮುಂದೆ ಕುಂಕುಮ ಬಳಿದ ಬೂದುಗುಂಬಳ ಒಡೆಯುವುದು, ಆಯುಧಪೂಜೆಯಂದು ಯಂತ್ರದ ಚಕ್ರಕ್ಕೆ ನಿಂಬೆಹಣ್ಣು ಇಡುವುದು ಆ ಬಲಿಯ ಸೌಮ್ಯ ರೂಪಗಳು. ಅವುಗಳನ್ನು ಮೂಢನಂಬಿಕೆಯೆಂದು ಹಳಿಯುವುದರಿಂದ ಪ್ರಯೋಜನವಿಲ್ಲ. ಕೆಲಸ ಅಪಾಯಕರವೆಂದು ಬಹಿರಂಗವಾಗಿ ಒಪ್ಪಿಕೊಳ್ಳುವ ಏಕೈಕ ಸಂದರ್ಭ ಹಲವು ಕಾಮಗಾರಿಗಳಲ್ಲಿ ಅದೇ ಆಗಿರುತ್ತದೆ.

ಬಲಿಯ ಪರಂಪರೆಗೆ ಪ್ರತಿಯಾಗಿ ದೀಪದ ಪರಂಪರೆಯೊಂದಿದೆ. ಅದರ ಬಗ್ಗೆ ಗೀತೆಗಳಿಲ್ಲ. ಉತ್ತರ ಕರ್ನಾಟಕ ಮತ್ತು ಬಯಲುಸೀಮೆಯಲ್ಲಿ ಜೋಳ ರಾಗಿಗಳನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಆದ್ದರಿಂದ ಬಾಯಿ ತೆರೆದ ಕೂಡಲೆ ಇಳಿಯಬಾರದು, ಗಾಳಿಯಾಡಲು ಬಿಡಬೇಕು, ಮೊದಲು ದೀಪ ಇಳಿಸಿ ನೋಡಬೇಕು ಎಂಬ ಕಟ್ಟಳೆ. ದೀಪ ಆರಿದರೆ ಇಳಿಯುವಂತಿಲ್ಲ. ಹಳೆಯ ಬಾವಿಗೂ ಇದೇ ನಿಯಮ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಕನ್ನಡ ತುಳು ನೆಲದ ಸುರಂಗಗಳಲ್ಲಿಯೂ ದೀಪವೇ ಕಾವಲುಗಾರ. ಗುಡ್ಡದ ಜಂಬಿಟ್ಟಿಗೆಯಲ್ಲಿ ಅಡ್ಡಲಾಗಿ, ಒಬ್ಬನೇ ನಿಂತು ಕಡಿಯುವಷ್ಟು ಅಗಲಕ್ಕೆ ಕೊರೆದು ಒರತೆಯನ್ನು ಹೊರತರುವ ಈ ವಿದ್ಯೆಯನ್ನು ಶ್ರೀ ಪಡ್ರೆಯವರ ಬರಹಗಳು ನಾಡಿಗೆ ಪರಿಚಯಿಸಿದವು. ಹಗಲಿನ ಕೂಲಿ ಮುಗಿಸಿ ಒಬ್ಬರೇ ಸುರಂಗ ಕೊರೆದು, ಹಲವು ಬಾರಿ ವಿಫಲರಾಗಿಯೂ ಬಿಡದೆ ನೀರು ಕಂಡ ಬಂಟ್ವಾಳ ತಾಲ್ಲೂಕಿನ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಒಳಗೆ ದೂರ ಸಾಗಿದಂತೆ ಉರಿ ಕುಂದಿದರೆ ಹಿಂದಿರುಗಬೇಕು; ಉದ್ದನೆಯ ಸುರಂಗಕ್ಕೆ ಮೇಲಿನಿಂದ ಗಾಳಿಕಂಡಿ ತೋಡಬೇಕು. ಗಾಳಿಯಲ್ಲಿ ಸಹಜವಾಗಿ ಶೇಕಡ 21ರಷ್ಟಿರುವ ಆಮ್ಲಜನಕ ಸುಮಾರು 16ಕ್ಕಿಳಿದಾಗ ದೀಪ ಆರುತ್ತದೆ. ಆ ಹೊತ್ತಿಗೆ ಮನುಷ್ಯನಿಗೆ ಹೊರಬರುವಷ್ಟು ಎಚ್ಚರ ಸಾಮಾನ್ಯವಾಗಿ ಉಳಿದಿರುತ್ತದೆ. ದೀಪದ ಕಟ್ಟಳೆಯ ಬಲ ಇದು.

ಆದರೆ ಈ ವಿದ್ಯೆಯ ಮಿತಿಯನ್ನೂ ಹೇಳದಿದ್ದರೆ ಅದು ಜನಪದದ ಕುರುಡು ಪ್ರಶಂಸೆಯಾದೀತು. ನಗರದ ಒಳಚರಂಡಿಯಲ್ಲಿ ಇರುವುದು ಆಮ್ಲಜನಕದ ಕೊರತೆ ಮಾತ್ರವಲ್ಲ. ಹೈಡ್ರೋಜನ್ ಸಲ್ಫೈಡ್ ದೀಪ ಆರುವ ಮೊದಲೇ ಕೊಲ್ಲಬಲ್ಲುದು, ಮೀಥೇನ್ ಇರುವಲ್ಲಿ ದೀಪವೇ ಸ್ಫೋಟಕ್ಕೆ ಕಾರಣವಾಗಬಲ್ಲುದು. ಮ್ಯಾನ್‌ಹೋಲ್‌ಗೆ ಕನ್ನಡ ಪತ್ರಿಕೆಗಳು ರೂಢಿಸಿದ ಪದ ‘ಆಳುಗುಂಡಿ’. ಶಬ್ದಶಃ ಅನುವಾದವಾದ ಈ ಪದ ಆಳು ಇಳಿಯುವ ಗುಂಡಿ ಎಂಬ ಅರ್ಥವನ್ನು ಸ್ಥಿರಗೊಳಿಸಿಬಿಟ್ಟಿದೆ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಅದರೊಳಗಿಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿತು. ಹೀಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರವೆಂದು 2014ರಲ್ಲಿ ಹೇಳಿದ್ದ ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಅದನ್ನು 30 ಲಕ್ಷಕ್ಕೇರಿಸಿತು. ನಿಷೇಧದ ನಂತರವೂ ಪರಿಹಾರದ ಮೊತ್ತವನ್ನು ಹೆಚ್ಚಿಸಬೇಕಾಗಿ ಬಂದುದೇ ಪರಿಸ್ಥಿತಿಯನ್ನು ಹೇಳುತ್ತದೆ.

ವಸಾಹತು ಕಾಲದಲ್ಲಿ ಬೆಳೆದ ಲೋಕೋಪಯೋಗಿ ಇಲಾಖೆಯ ಭಾಷೆ ಅಗೆತಕ್ಕೆ ಮತ್ತೊಂದು ಪದಕೋಶವನ್ನು ತಂದಿತು. ಮಣ್ಣನ್ನು ಅದು ನಿಲುವಿನಿಂದಲ್ಲ, ಅಗೆಯಲು ಬೇಕಾದ ಶ್ರಮದಿಂದ ವರ್ಗೀಕರಿಸುತ್ತದೆ: ಮೆದು ಮಣ್ಣು, ಗಟ್ಟಿ ಮಣ್ಣು, ಸಾಧಾರಣ ಶಿಲೆ, ಸಿಡಿಮದ್ದು ಬೇಕಾದ ಗಟ್ಟಿ ಶಿಲೆ. ಮಣ್ಣು ಸಾಗಿಸುವ ದೂರ ‘ಲೀಡ್’, ಎತ್ತುವ ಎತ್ತರ ‘ಲಿಫ್ಟ್’. ತೋಡಿದ ಆಳವನ್ನು ಅಳೆಯಲು ನಡುವೆ ಅಗೆಯದೆ ಬಿಡುವ ಮಣ್ಣಿನ ಕಂಬಗಳಿಗೆ ಇಂಗ್ಲಿಷಿನ ಇಂಜಿನಿಯರಿಂಗ್ ಬರಹ ‘ಡೆಡ್‌ಮೆನ್’, ಎಂದರೆ ಸತ್ತ ಮನುಷ್ಯರು, ಎಂಬ ಹೆಸರಿಟ್ಟಿದೆ. ಬಿಲ್ಲು ಬರೆಯುವವರೆಗೆ ಅವುಗಳನ್ನು ಕಾಪಾಡಬೇಕೆಂದು ನಿಯಮ. ಇದು ಹಣದ ಲೆಕ್ಕಕ್ಕಾಗಿ ಹುಟ್ಟಿದ ಪದಕೋಶ. ಆ ಕೆಲಸವನ್ನು ಅದು ನಿಖರವಾಗಿಯೇ ಮಾಡುತ್ತದೆ. ಲಿಫ್ಟಿನ ಮೂಲಮಾನ ಒಂದೂವರೆ ಮೀಟರು; ಅದನ್ನು ದಾಟಿದರೆ ದರ ಹೆಚ್ಚುತ್ತದೆ.

ಸುರಕ್ಷತೆಯ ನಿಯಮವೂ ಇದೇ ಒಂದೂವರೆ ಮೀಟರಿನಲ್ಲಿ ಆರಂಭವಾಗುತ್ತದೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ಗುತ್ತಿಗೆ ಷರತ್ತುಗಳಲ್ಲಿನ ಸುರಕ್ಷತಾ ಸಂಹಿತೆಯ ಪ್ರಕಾರ ಒಂದೂವರೆ ಮೀಟರು ಅಥವಾ ಅದಕ್ಕೂ ಆಳವಾದ ಕಾಲುವೆಯ ಬದಿಗಳನ್ನು ಮೆಟ್ಟಿಲಾಗಿ ಕಡಿದು ಓರೆ ಕೊಡಬೇಕು, ಇಲ್ಲವೆ ಮರದ ಆನಿಕೆ ಕೊಟ್ಟು ಬಿಗಿಯಬೇಕು. 1.2 ಮೀಟರು ದಾಟಿದರೆ ಪ್ರತಿ 30 ಮೀಟರಿಗೊಂದು ಏಣಿ ಇರಬೇಕು, ಅದರ ತುದಿ ನೆಲದಿಂದ 90 ಸೆಂಟಿಮೀಟರು ಮೇಲೆ ಚಾಚಿರಬೇಕು. ಅಗೆದ ಮಣ್ಣನ್ನು ಅಂಚಿನಿಂದ ಒಂದೂವರೆ ಮೀಟರು ಅಥವಾ ಆಳದ ಅರ್ಧ, ಯಾವುದು ಹೆಚ್ಚೋ ಅಷ್ಟರೊಳಗೆ ಸುರಿಯಬಾರದು. ಮೇಲಿನಿಂದ ಕೆಳಕ್ಕೇ ಕಡಿಯಬೇಕು. ಬುಡ ಕೊರೆಯುವುದು ಯಾವ ಕಾರಣಕ್ಕೂ ಕೂಡದು. ಭಾರತೀಯ ಮಾನಕ ಬ್ಯೂರೋ ಅಗೆತದ ಸುರಕ್ಷತೆಗೆಂದೇ 3764 ಸಂಖ್ಯೆಯ ಮಾನಕವನ್ನು ಪ್ರಕಟಿಸಿದ್ದು, 1992ರಲ್ಲಿ ಅದು ಪರಿಷ್ಕೃತವಾಯಿತು. ಒಂದು ಘನ ಮೀಟರು ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಎದೆಮಟ್ಟಕ್ಕೆ ಹೂತವನ ತಲೆ ಹೊರಗಿದ್ದರೂ ಪಕ್ಕೆಲುಬು ಹಿಗ್ಗಲಾರದೆ ಉಸಿರು ನಿಲ್ಲುವುದರಿಂದ ಈ ಅಂಕಿಗಳಲ್ಲಿ ಯಾವುದೂ ಅತಿಯೆನಿಸುವುದಿಲ್ಲ.

ಒಂದೇ ಆಳದಲ್ಲಿ ದರವೂ ಬದಲಾಗಬೇಕು, ರಕ್ಷಣೆಯೂ ಆರಂಭವಾಗಬೇಕು. ಮೊದಲನೆಯದನ್ನು ಅಳತೆ ಪುಸ್ತಕದಲ್ಲಿ ತಪ್ಪದೆ ನಮೂದಿಸುತ್ತಾರೆ. ಎರಡನೆಯದು ನಮೂದಾಗುವ ಕಾಲಮ್ಮು ಆ ಪುಸ್ತಕದಲ್ಲಿಲ್ಲ. ಗುತ್ತಿಗೆಯ ಲೆಕ್ಕ ಘನ ಅಳತೆಯಲ್ಲಿ ನಡೆಯುವುದರಿಂದ ಬುಡ ಕೊರೆದು ಮೇಲಿನ ಮಣ್ಣನ್ನು ತಾನಾಗಿ ಬೀಳಿಸುವುದು ಕಡಿಮೆ ಶ್ರಮದ ದಾರಿ. ಅಪಾಯವೆಂದು ಬಲ್ಲವನೂ ಹೊಟ್ಟೆಪಾಡಿಗೆ ಅದನ್ನೇ ಹಿಡಿಯುತ್ತಾನೆ. ಯಂತ್ರ ಬಂದ ಮೇಲೆ ಇನ್ನೊಂದು ಬದಲಾವಣೆಯಾಯಿತು. ಮಕ್ಕರಿಯಲ್ಲಿ ಹೊತ್ತ ಕಾಲಕ್ಕೆ ಲೀಡಿಗೆ ಕೂಲಿಯಿದ್ದುದರಿಂದ ಮಣ್ಣು ದೂರ ಹೋಗುತ್ತಿತ್ತು. ಜೆಸಿಬಿಯ ತೋಳು ತಿರುಗುವಷ್ಟು ದೂರದಲ್ಲಿ, ಎಂದರೆ ಗುಂಡಿಯ ಅಂಚಿನಲ್ಲೇ, ಈಗ ರಾಶಿ ಬೀಳುತ್ತದೆ. ಯಂತ್ರದ ಭಾರವೂ ನಡುಕವೂ ಅದೇ ಅಂಚಿನ ಮೇಲೆ ಸೇರುತ್ತವೆ. ಯಂತ್ರ ತೋಡಿದ ಮೇಲೆ ತಳ ಮಟ್ಟಮಾಡಲು ಇಳಿಯುವುದು ಮನುಷ್ಯನೇ.

ಆನಿಕೆ, ಓರೆ, ಮೆಟ್ಟಿಲು, ಬುಡ ಕೊರೆತ ಎಂದು ಈ ನಿಯಮಗಳನ್ನು ಹೇಳಲು ಬೇಕಾದ ಪದಗಳೆಲ್ಲ ಕನ್ನಡದಲ್ಲಿ ಬಳಕೆಯಲ್ಲಿವೆ. ಆದರೂ ಶೋರಿಂಗ್, ಬೆಂಚಿಂಗ್, ಬರ್ಮ್ ಎಂಬ ಮಾತುಗಳು ಇಂಜಿನಿಯರನಿಂದ ಮೇಸ್ತ್ರಿಯವರೆಗೆ ಬಂದು ಅಲ್ಲಿಯೇ ನಿಲ್ಲುತ್ತವೆ. ದೊಡ್ಡ ಕಾಮಗಾರಿಗಳಲ್ಲಿ ಈ ಕೊರತೆಯನ್ನು ಸಂಸ್ಥೆಯ ಶಿಸ್ತು ಬಹುಮಟ್ಟಿಗೆ ತುಂಬುತ್ತದೆ. ನಮ್ಮ ಮೆಟ್ರೊದ ಸುರಂಗಗಳನ್ನು ಹೆಲೆನ್, ಮಾರ್ಗರಿಟಾ, ಕಾವೇರಿ, ಕೃಷ್ಣಾ, ಗೋದಾವರಿ, ಮುಂದಿನ ಹಂತದಲ್ಲಿ ಊರ್ಜಾ, ಅವನಿ, ವಿಂಧ್ಯಾ, ತುಂಗಾ, ಭದ್ರಾ ಎಂಬ ಯಂತ್ರಗಳು ಕೊರೆದವು. ಸುರಂಗಯಂತ್ರಕ್ಕೆ ಹೆಣ್ಣಿನ ಹೆಸರಿಡುವುದು ಗಣಿಗಾರರ ರಕ್ಷಕಿಯಾದ ಸಂತ ಬಾರ್ಬರಾಳ ಆರಾಧನೆಗೆ ಸಂಬಂಧಿಸಿದ ಯೂರೋಪಿನ ವಾಡಿಕೆ. ಕನ್ನಡ ನೆಲದಲ್ಲಿ ಅದು ನದಿಗಳ ಹೆಸರನ್ನು ತಾಳಿತು. ಬಲಿಯಾದ ಸೊಸೆಯ ನಗರದಲ್ಲಿ ಹೆಣ್ಣಿನ ಹೆಸರಿನ ಯಂತ್ರ ನೆಲ ಕೊರೆದು ಹೊರಬಂದಾಗ ಚಪ್ಪಾಳೆ ತಟ್ಟಿ ಹೂ ಸುರಿಯುವುದನ್ನು ಮುಂದಿನ ಜಾನಪದ ಅಧ್ಯೇತೃಗಳು ಗಮನಿಸದೆ ಬಿಡಲಾರರು. 2015ರ ನವೆಂಬರಿನಲ್ಲಿ ಆರಂಭವಾದ ಮಾಗಡಿ ರಸ್ತೆ–ಮೈಸೂರು ರಸ್ತೆ ಮಾರ್ಗ ವಿಜಯನಗರ, ಅತ್ತಿಗುಪ್ಪೆಗಳಲ್ಲಿ ನೆಲದ ಮೇಲಿನ ಕಂಬಗಳ ಮೇಲೆಯೇ ಸಾಗುತ್ತದೆ. ಆದ್ದರಿಂದ ಆರ್‌ಪಿಸಿ ಲೇಔಟ್‌ನ ಸಮೀಪಕ್ಕೆ ಆ ಯಂತ್ರಗಳು ಬರಲಿಲ್ಲ.

ಅಲ್ಲಿ ನಡೆಯುವುದು ಸಣ್ಣ ಅಗೆತ. ಕಾನೂನಿನ ದೃಷ್ಟಿಯಲ್ಲಿಯೂ ಅದು ಸಣ್ಣದೇ. 1996ರ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾಯ್ದೆ ಅಗೆತದ ಸುರಕ್ಷತೆಗೆ ವಿಸ್ತೃತವಾದ ನಿಯಮಗಳಿಗೆ ಎಡೆಮಾಡಿತು. ಕರ್ನಾಟಕದ ನಿಯಮಗಳು 2006ರಲ್ಲಿ ಬಂದವು. ಆದರೆ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಾಮಗಾರಿಗೆ ಮಾತ್ರ ಆ ಕಾಯ್ದೆ ಅನ್ವಯಿಸುತ್ತಿತ್ತು. ಸ್ವಂತ ವಾಸಕ್ಕೆ 10 ಲಕ್ಷ ರೂಪಾಯಿಯೊಳಗೆ ಕಟ್ಟುವ ಮನೆಗೂ ವಿನಾಯಿತಿಯಿತ್ತು. ಅದರ ಸ್ಥಾನಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರಲ್ಲಿಯೂ ಹತ್ತರ ಮಿತಿ ಉಳಿದಿದೆ. ಸ್ವಂತ ಮನೆಯ ವಿನಾಯಿತಿಯ ಮೊತ್ತ 50 ಲಕ್ಷಕ್ಕೇರಿದೆ. ಮೂವತ್ತು ನಲವತ್ತರ ನಿವೇಶನದಲ್ಲಿ ಪಾಯ ತೋಡುವಾಗ ಒಬ್ಬ ಯಂತ್ರದ ಮೇಲೆ, ಇಬ್ಬರು ಗುಂಡಿಯೊಳಗೆ, ಒಬ್ಬಿಬ್ಬರು ಹೆಂಗಸರು ಬಾಂಡ್ಲಿ ಹಿಡಿದು ಅಂಚಿನಲ್ಲಿ, ಒಬ್ಬ ಮೇಸ್ತ್ರಿ ರಸ್ತೆಯಲ್ಲಿ ಇರುತ್ತಾರೆ. ಎಣಿಸಿದರೆ ಐದಾರು ಮಂದಿ.